ಮನೆಯಿಂದಾಚೆಗೆ ಕಳೆದ ಬೇಸಿಗೆ: ಅಮೆರಿಕದ ಮಕ್ಕಳ ವಸತಿ ಶಿಬಿರಗಳ ಚರಿತ್ರೆ

ಶಾಲೆಗೆ ರಜೆ ಬಿದ್ದೊಡನೆ ಎಂಟು ಹತ್ತು ವರ್ಷದ ಮಕ್ಕಳನ್ನು ಹೆತ್ತವರ ಜೊತೆಯಿಲ್ಲದೆ ದೂರದ ಸರೋವರದ ದಂಡೆಗೋ ಕಾಡಿನ ನಡುವಿಗೋ ಕಳುಹಿಸಿ, ಅಲ್ಲಿಯೇ ಉಂಡು ಮಲಗಿ ಒಂದು ವಾರವನ್ನೋ ಹಲವು ವಾರಗಳನ್ನೋ ಕಳೆಯುವಂತೆ ಮಾಡುವ ಪದ್ಧತಿಗೆ ಅಮೆರಿಕದಲ್ಲಿ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಕರ್ನಾಟಕದ ನಗರಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಡೆಯುವ ಬೇಸಿಗೆ ಶಿಬಿರಗಳು ಬಹುಮಟ್ಟಿಗೆ ಬೆಳಿಗ್ಗೆ ಹೋಗಿ ಅಂದೇ ಮನೆಗೆ ಮರಳುವಂಥವು. ಅಮೆರಿಕದ ವಸತಿ ಶಿಬಿರದಲ್ಲಾದರೋ ಮಗು ರಾತ್ರಿಯೂ ಅಲ್ಲಿಯೇ ಉಳಿಯುತ್ತದೆ, ಮತ್ತು ಆ ರಾತ್ರಿಗಳೇ ಅದರ ತಿರುಳು. ಹೆತ್ತವರು ಹತ್ತಿರ ಇಲ್ಲದಿರುವುದರಿಂದಲೇ ಮಗು ಕಲಿಯುವುದು ಬಹಳಷ್ಟಿದೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಮನೆ ತುಂಬಲಾರದ ಕೊರತೆಯೊಂದು ಮಗುವಿನಲ್ಲಿದೆ ಎಂದು ಪ್ರತಿ ತಲೆಮಾರೂ ಭಾವಿಸಿತು. ಆ ಕೊರತೆ ಯಾವುದೆಂಬ ಪ್ರಶ್ನೆಗೆ ಒಂದೊಂದು ತಲೆಮಾರು ಒಂದೊಂದು ಉತ್ತರ ಕೊಟ್ಟಿತು.

ಶಿಬಿರಕ್ಕೆ ಮೊದಲು ರಜೆ ಬೇಕು. ಅಮೆರಿಕದ ದೀರ್ಘ ಬೇಸಿಗೆ ರಜೆ ಹೊಲದ ಕೆಲಸಕ್ಕೆ ಮಕ್ಕಳು ಬೇಕಾದ್ದರಿಂದ ಹುಟ್ಟಿತೆಂಬ ಮಾತು ಬಹಳ ಪ್ರಚಾರದಲ್ಲಿದ್ದರೂ ಅದು ಸರಿಯಲ್ಲ. ಹಳ್ಳಿಗಳಲ್ಲಿ ಬಿತ್ತನೆಯ ವಸಂತಕ್ಕೂ ಸುಗ್ಗಿಯ ಶರತ್ಕಾಲಕ್ಕೂ ಕೈಗಳು ಬೇಕಿದ್ದುದರಿಂದ ಅಲ್ಲಿನ ಶಾಲೆಗಳು ಚಳಿಗಾಲದಲ್ಲಿಯೂ ನಡುಬೇಸಿಗೆಯಲ್ಲಿಯೂ ನಡೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವರ್ಷದ ಬಹುಭಾಗ ತೆರೆದಿರುತ್ತಿದ್ದ ನಗರದ ಶಾಲೆಗಳೇ, ಸೆಕೆ ಮತ್ತು ರೋಗದ ಭಯದಿಂದ, ಅತಿಯಾದ ಓದು ಎಳೆಯ ಮಿದುಳನ್ನು ಬಳಲಿಸುತ್ತದೆಂಬ ಅಂದಿನ ವೈದ್ಯರ ಅಭಿಪ್ರಾಯದಿಂದ, ಉಳ್ಳವರು ಬೇಸಿಗೆಯಲ್ಲಿ ನಗರ ಬಿಟ್ಟು ಹೋಗುತ್ತಿದ್ದುದರಿಂದ, ಕ್ರಮೇಣ ಎರಡು ಮೂರು ತಿಂಗಳು ಬಾಗಿಲು ಹಾಕತೊಡಗಿದವು. ಹೀಗೆ ದೊರೆತ ಬಿಡುವನ್ನು ಮಕ್ಕಳು ಹೇಗೆ ಕಳೆಯಬೇಕು ಎಂಬುದು ನಗರವಾಸಿಗಳ ಚಿಂತೆಯಾಯಿತು.

ಮೊದಲ ಸಂಘಟಿತ ಶಿಬಿರವೆಂದು ಸಾಮಾನ್ಯವಾಗಿ ಹೆಸರಿಸಲಾಗುವುದು 1861ರ ಬೇಸಿಗೆಯಲ್ಲಿ ನಡೆದದ್ದು. ಕನೆಕ್ಟಿಕಟ್ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಶಾಲೆ ನಡೆಸುತ್ತಿದ್ದ, ಗುಲಾಮಗಿರಿಯ ಕಡುವಿರೋಧಿಯಾಗಿದ್ದ ಫ್ರೆಡರಿಕ್ ವಿಲಿಯಂ ಗನ್, ಆ ವರ್ಷ ಅಂತರ್ಯುದ್ಧ ಆರಂಭವಾಗಿ ತನ್ನ ವಿದ್ಯಾರ್ಥಿಗಳು ಸೈನಿಕರಂತೆ ಡೇರೆಯಲ್ಲಿ ಮಲಗಬೇಕೆಂದು ಹಂಬಲಿಸಿದಾಗ, ಅವರನ್ನು ಸುಮಾರು 40 ಮೈಲಿ ನಡೆಸಿಕೊಂಡು ಸಮುದ್ರದ ದಂಡೆಗೆ ಕರೆದೊಯ್ದು ಎರಡು ವಾರ ಬೀಡು ಬಿಟ್ಟ. ದೋಣಿ ನಡೆಸುವುದು, ಮೀನು ಹಿಡಿಯುವುದು ಮತ್ತು ಕವಾಯತು ಅಲ್ಲಿನ ದಿನಚರಿಯಾಗಿದ್ದವು. ಸೈನ್ಯದ ಈ ಅಚ್ಚು ಶಿಬಿರಗಳಿಂದ ಇಂದಿಗೂ ಅಳಿದಿಲ್ಲ. ಮುಂಜಾನೆಯ ಕಹಳೆ, ಧ್ವಜವಂದನೆ, ಹಾಸಿಗೆ ಮಡಿಸಿಟ್ಟದ್ದರ ತಪಾಸಣೆ ಇವೆಲ್ಲ ಅಲ್ಲಿಂದ ಬಂದವು. ದೀಪವಾರಿಸುವ ಹೊತ್ತಿಗೆ ಅನೇಕ ಶಿಬಿರಗಳಲ್ಲಿ ಈಗಲೂ ಕೇಳಿಬರುವ ‘ಟ್ಯಾಪ್ಸ್’ ಎಂಬ ಕಹಳೆಯ ಸ್ವರವೂ 1862ರಲ್ಲಿ ಅದೇ ಯುದ್ಧದ ಸೇನಾಬೀಡಿನಲ್ಲಿ ರೂಪುಗೊಂಡದ್ದು.

ಗನ್ ನಡೆಸಿದ್ದು ಶಾಲೆಯ ಒಂದು ಪ್ರವಾಸ. ಶಿಬಿರಕ್ಕಾಗಿಯೇ ಶಿಬಿರ ಎಂಬ ವಿಚಾರ ಬೆಳೆದದ್ದು ಆನಂತರ. 1876ರಲ್ಲಿ ಪೆನ್ಸಿಲ್ವೇನಿಯಾದ ವೈದ್ಯ ಜೋಸೆಫ್ ರಾತ್‌ರಾಕ್ ದುರ್ಬಲ ಮೈಕಟ್ಟಿನ ಹುಡುಗರಿಗೆಂದು ಬೆಟ್ಟದ ಮೇಲೆ ತೆರೆದ ಶಿಬಿರ ಬೇಗನೆ ನಿಂತುಹೋಯಿತು. ನಿಜವಾದ ಮಾದರಿಯನ್ನು ಒದಗಿಸಿದವನು ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿ ಅರ್ನೆಸ್ಟ್ ಬಾಲ್ಚ್. ಅವನು 1881ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸ್ಕ್ವಾಮ್ ಸರೋವರದ ಒಂದು ದ್ವೀಪದಲ್ಲಿ ‘ಚೊಕೊರುವಾ’ ಎಂಬ ಶಿಬಿರವನ್ನು ಸ್ಥಾಪಿಸಿದ. ಬೇಸಿಗೆಯ ಹೋಟೆಲುಗಳಲ್ಲಿ ತಾಯಂದಿರ ಜೊತೆ ಬೀಡುಬಿಟ್ಟು, ಆಳುಕಾಳುಗಳಿಂದ ಸೇವೆ ಮಾಡಿಸಿಕೊಳ್ಳುತ್ತ, ಮಾಡಲು ಕೆಲಸವಿಲ್ಲದೆ ಕಾಲ ಕಳೆಯುತ್ತಿದ್ದ ಶ್ರೀಮಂತರ ಗಂಡುಮಕ್ಕಳ ಸ್ಥಿತಿ ಅವನಿಗೆ ಮರುಕ ಹುಟ್ಟಿಸಿತ್ತು. ಆದ್ದರಿಂದ ಅವನ ದ್ವೀಪದಲ್ಲಿ ಆಳುಗಳೇ ಇರಲಿಲ್ಲ. ಅಡಿಗೆ ಮಾಡುವುದು, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವೂ ಸರದಿಯ ಮೇಲೆ ಹುಡುಗರ ಪಾಲಿಗೆ ಬರುತ್ತಿದ್ದವು. ಹೆಚ್ಚಿನ ಕೆಲಸಕ್ಕೆ ಕೂಲಿಯುಂಟು, ಕೂಲಿಯನ್ನು ಇಡಲು ಹುಡುಗರೇ ನಡೆಸುವ ಬ್ಯಾಂಕುಂಟು, ಕೆಲಸವನ್ನು ಗುತ್ತಿಗೆ ಹಿಡಿಯಲು ಅವರೇ ಕಟ್ಟಿಕೊಂಡ ಪುಟ್ಟ ಕಂಪನಿಗಳುಂಟು. ಅಪ್ಪನ ಸಂಪತ್ತು ಸರೋವರದ ಈಚೆ ದಡದಲ್ಲಿಯೇ ಉಳಿದು, ಹುಡುಗ ತಾನು ದುಡಿದದ್ದರಿಂದ ಬೇಕಾದ್ದನ್ನು ಕೊಳ್ಳಬೇಕಾಗಿತ್ತು. ಚೊಕೊರುವಾ 1889ರಲ್ಲಿ ಮುಚ್ಚಿತು. ಆದರೆ ದುಡಿಮೆಯ ಘನತೆಯನ್ನು ಪಾಠ ಹೇಳಿ ಕಲಿಸಲಾಗದು, ಪಾತ್ರೆ ತೊಳೆದೇ ಕಲಿಯಬೇಕು ಎಂದು ಇಷ್ಟು ಸ್ಪಷ್ಟವಾಗಿ ಕಂಡುಕೊಂಡ ಶಿಬಿರಗಳು ಆಮೇಲೂ ಹೆಚ್ಚಿಲ್ಲ.

ಬಡ ಮಕ್ಕಳ ಶಿಬಿರಗಳ ಕಥೆ ಬೇರೊಂದು ಮೂಲದಿಂದ ಹೊರಡುತ್ತದೆ. ಟೆನಮೆಂಟ್ ಎಂದು ಕರೆಯಲಾಗುತ್ತಿದ್ದ, ಗಾಳಿಬೆಳಕಿಲ್ಲದ ಕೋಣೆಗಳಲ್ಲಿ ವಲಸೆ ಬಂದ ಸಂಸಾರಗಳನ್ನು ತುಂಬಿಕೊಂಡಿದ್ದ ನ್ಯೂಯಾರ್ಕಿನ ವಠಾರಗಳಲ್ಲಿ ಕ್ಷಯರೋಗ ಮನೆಮಾಡಿತ್ತು. ಪೆನ್ಸಿಲ್ವೇನಿಯಾದ ಶರ್ಮನ್ ಎಂಬ ಹಳ್ಳಿಯ ಪಾದ್ರಿ ವಿಲ್ಲರ್ಡ್ ಪಾರ್ಸನ್ಸ್ 1877ರಲ್ಲಿ ತನ್ನ ಸಭೆಯ ರೈತ ಕುಟುಂಬಗಳನ್ನು ಒಪ್ಪಿಸಿ, ಅಂಥ ವಠಾರಗಳ ಮಕ್ಕಳನ್ನು ಕೆಲವು ದಿನ ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವಂತೆ ಮಾಡಿದ. ‘ಫ್ರೆಶ್ ಏರ್ ಫಂಡ್’, ಅಂದರೆ ಶುದ್ಧ ಗಾಳಿಯ ನಿಧಿ, ಎಂಬ ಸಂಸ್ಥೆ ಇದರಿಂದ ಬೆಳೆಯಿತು. ಇದೇ ಸುಮಾರಿಗೆ ಯುವಕರ ಕ್ರೈಸ್ತ ಸಂಘವಾದ ವೈಎಂಸಿಎ ಕೂಡ ಈ ಕೆಲಸಕ್ಕಿಳಿದು, 1885ರಲ್ಲಿ ಸಮ್ನರ್ ಡಡ್ಲಿ ಎಂಬವನು ಏಳು ಹುಡುಗರನ್ನು ನ್ಯೂಯಾರ್ಕ್ ರಾಜ್ಯದ ಆರೆಂಜ್ ಸರೋವರಕ್ಕೆ ಕರೆದೊಯ್ದ. ಅಂದು ಆರಂಭವಾದ ಶಿಬಿರ ಈಗ ಷಾಂಪ್ಲೇನ್ ಸರೋವರದ ದಂಡೆಯಲ್ಲಿ ಅವನ ಹೆಸರಿನಲ್ಲಿಯೇ ನಡೆಯುತ್ತಿದೆ.

ಶಿಬಿರದ ಅವಧಿಯ ಹಿಂದಿರುವ ಲೆಕ್ಕ ಇಲ್ಲಿಯೇ ತಿಳಿಯುತ್ತದೆ. ಶುಲ್ಕ ತೆತ್ತು ಬರುವ ಶ್ರೀಮಂತರ ಮಕ್ಕಳು ಖಾಸಗಿ ಶಿಬಿರಗಳಲ್ಲಿ ಎಂಟು ವಾರ, ಎಂದರೆ ಹೆಚ್ಚುಕಡಿಮೆ ಇಡೀ ಬೇಸಿಗೆ, ಇರುತ್ತಿದ್ದರು. ದಾನದ ಹಣದಿಂದ ನಡೆಯುವ ಶಿಬಿರಕ್ಕೆ ಹಾಸಿಗೆಗಳು ಕೆಲವೇ, ಕಾದಿರುವ ಮಕ್ಕಳು ಬಹಳ. ಒಂದು ಹಾಸಿಗೆಯನ್ನು ಎಂಟು ವಾರ ಒಬ್ಬನಿಗೇ ಕೊಡುವ ಬದಲು ವಾರಕ್ಕೊಬ್ಬರಂತೆ ಎಂಟು ಮಕ್ಕಳಿಗೆ ಕೊಡುವುದು ನ್ಯಾಯವೆಂದು ಅವುಗಳನ್ನು ನಡೆಸುವವರು ಕಂಡುಕೊಂಡರು. ಸ್ಕೌಟ್ ಚಳವಳಿ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇಂಗ್ಲೆಂಡಿನಲ್ಲಿ ರಾಬರ್ಟ್ ಬೇಡನ್ ಪೊವೆಲ್ 1907ರ ಆಗಸ್ಟ್ ತಿಂಗಳಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ, ಪ್ರತಿಷ್ಠಿತ ಶಾಲೆಗಳ ಮಕ್ಕಳನ್ನೂ ಕಾರ್ಮಿಕರ ಮಕ್ಕಳನ್ನೂ ಒಂದೇ ಡೇರೆಯಲ್ಲಿ ಮಲಗಿಸಿ ನಡೆಸಿದ ಪ್ರಯೋಗ ಶಿಬಿರವೂ ಸುಮಾರು ಒಂದು ವಾರದ್ದೇ. ಆ ಚಳವಳಿ ಎರಡೇ ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಇಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಕಟ್ಟಿದ್ದು, ಆದರೆ ಆಗ ಅದರ ಬಾಗಿಲು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. 1910ರಲ್ಲಿ ಅಮೆರಿಕದ ಸ್ಕೌಟ್ ಸಂಸ್ಥೆ ಸ್ಥಾಪನೆಯಾದ ಮೇಲೆ ವಾರದ ಶಿಬಿರ ಸಾಮಾನ್ಯ ಕುಟುಂಬಗಳ ಮಕ್ಕಳಿಗೂ ಎಟುಕುವಂಥದ್ದಾಯಿತು.

ಈ ಚರಿತ್ರೆಯಲ್ಲಿ ಅತ್ಯಂತ ನೋವಿನ ಭಾಗ ಅಮೆರಿಕದ ಮೂಲನಿವಾಸಿಗಳಿಗೆ ಸಂಬಂಧಿಸಿದ್ದು. ಬೆಳೆಯುವ ಮಗು ಮಾನವಕುಲ ದಾಟಿಬಂದ ಹಂತಗಳನ್ನೆಲ್ಲ ತಾನೂ ದಾಟುತ್ತದೆ, ಆದ್ದರಿಂದ ಹುಡುಗರಿಗೆ ಕೆಲವು ಕಾಲ ‘ಆದಿಮ’ ಬದುಕು ಅಗತ್ಯ ಎಂದು ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಪ್ರತಿಪಾದಿಸುತ್ತಿದ್ದ ಕಾಲವದು. 1902ರಲ್ಲಿ ನಿಸರ್ಗ ಬರಹಗಾರ ಅರ್ನೆಸ್ಟ್ ಥಾಂಪ್ಸನ್ ಸೀಟನ್ ‘ವುಡ್‌ಕ್ರಾಫ್ಟ್ ಇಂಡಿಯನ್ಸ್’ ಎಂಬ ಬಾಲಕರ ಸಂಘ ಕಟ್ಟಿ, ಗುಡಾರ, ಗರಿಯ ಕಿರೀಟ, ಬೆಂಕಿಯ ಸುತ್ತಲಿನ ಸಭೆ ಇವುಗಳನ್ನು ಶಿಬಿರಗಳಿಗೆ ಒದಗಿಸಿದ. ಅವನಿಗೆ ಮೂಲನಿವಾಸಿಗಳ ಬಗ್ಗೆ ಇದ್ದ ಗೌರವ ಪ್ರಾಮಾಣಿಕವಾದದ್ದು. ಆದರೆ ಅದೇ ವರ್ಷಗಳಲ್ಲಿ, 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸ್ಥಾಪನೆಯಾದ ಸರ್ಕಾರಿ ವಸತಿ ಶಾಲೆ ಮತ್ತು ಅದನ್ನು ಅನುಸರಿಸಿದ ಇತರ ಶಾಲೆಗಳಲ್ಲಿ, ಮೂಲನಿವಾಸಿ ಮಕ್ಕಳ ಜಡೆ ಕತ್ತರಿಸಿ, ಹೆಸರು ಬದಲಿಸಿ, ತಾಯ್ನುಡಿಯನ್ನಾಡಿದರೆ ದಂಡಿಸಲಾಗುತ್ತಿತ್ತು. ಬಿಳಿಯರ ಮಕ್ಕಳು ಸರೋವರದ ದಡದಲ್ಲಿ ವಿನೋದಕ್ಕಾಗಿ ತೊಟ್ಟ ವೇಷವನ್ನು ಅದರ ನಿಜವಾದ ವಾರಸುದಾರರಿಂದ ಬಲವಂತವಾಗಿ ಕಳಚಲಾಗುತ್ತಿತ್ತು. ಎರಡೂ ಕಡೆ ಮಕ್ಕಳನ್ನು ಮನೆಯಿಂದ ದೂರ ಇಡಲಾಗಿತ್ತು, ಒಂದು ಕಡೆಯವರು ಬೇಸಿಗೆಯ ಕೊನೆಗೆ ಮರಳುತ್ತಿದ್ದರು, ಇನ್ನೊಂದು ಕಡೆಯವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಮರಳಲಿಲ್ಲ. ಡಕೋಟ ಜನಾಂಗದ ವೈದ್ಯ ಮತ್ತು ಲೇಖಕ ಒಹಿಯೇಸ, ಎಂದರೆ ಚಾರ್ಲ್ಸ್ ಈಸ್ಟ್‌ಮನ್, 1890ರಲ್ಲಿ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಗಾಯಗೊಂಡವರಿಗೆ ಶುಶ್ರೂಷೆ ಮಾಡಿದ್ದವನು. ಅವನೇ 1915ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸ್ವಂತ ಶಿಬಿರ ತೆರೆದು ಬೇರೆಯವರ ಮಕ್ಕಳಿಗೆ ತನ್ನ ಜನರ ಕಾಡಿನ ವಿದ್ಯೆಯನ್ನು ಕಲಿಸಿದ. ಆ ಕಾಲದ ಶಿಬಿರಗಳಲ್ಲಿ ಆ ವಿದ್ಯೆಯನ್ನು ಹಕ್ಕಿನಿಂದ ಕಲಿಸಿದ ಕೆಲವೇ ಕೆಲವರಲ್ಲಿ ಅವನೊಬ್ಬ.

ಹೆಣ್ಣುಮಕ್ಕಳಿಗೆ ಶಿಬಿರ ತಡವಾಗಿ ದೊರೆಯಿತು. 1902ರಲ್ಲಿ ಮೇನ್ ರಾಜ್ಯದಲ್ಲಿ ವಯೊನೆಗಾನಿಕ್, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಲಾರಾ ಮ್ಯಾಟೂನ್ ಸ್ಥಾಪಿಸಿದ ಕೆಹೊಂಕಾ ಇಂಥ ಆರಂಭದ ಪ್ರಯತ್ನಗಳಲ್ಲಿ ಸೇರಿವೆ. ಉದ್ದ ಲಂಗ ಬಿಟ್ಟು ಸಡಿಲ ಚಲ್ಲಣ ತೊಟ್ಟು ಈಜುವ, ದೋಣಿ ಹುಟ್ಟುಹಾಕುವ ಅವಕಾಶ ಅಂದಿನ ಹುಡುಗಿಯರಿಗೆ ಊರಿನಲ್ಲಿ ಇರಲಿಲ್ಲ. ಕರಿಯ ಮಕ್ಕಳಿಗೆ ಹೆಚ್ಚಿನ ಶಿಬಿರಗಳು ಬಾಗಿಲು ಮುಚ್ಚಿದ್ದವು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಪಾದ್ರಿ ವಿಲಿಯಂ ಡಿಬೆರಿ 1921ರಲ್ಲಿ ಸ್ಥಾಪಿಸಿದ, ಮುಂದೆ ಅಟ್‌ವಾಟರ್ ಎಂಬ ಹೆಸರು ಪಡೆದ ಶಿಬಿರ ಅವರಿಗಾಗಿಯೇ ಹುಟ್ಟಿ ಹಲವು ತಲೆಮಾರುಗಳನ್ನು ಬೆಳೆಸಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸರ್ಕಾರವೇ ಸವಕಳಿಯಾದ ಹೊಲಗಳನ್ನು ಕೊಂಡು, ನಿರುದ್ಯೋಗಿಗಳಿಗೆ ಕೂಲಿ ಕೊಟ್ಟು, ಬಡ ಕುಟುಂಬಗಳ ಬಳಕೆಗೆ ಮರದ ಕುಟೀರಗಳ ಶಿಬಿರಗಳನ್ನು ಕಟ್ಟಿಸಿತು. ಮೇರಿಲ್ಯಾಂಡಿನ ಕಟಾಕ್ಟಿನ್ ಬೆಟ್ಟದಲ್ಲಿ ಹೀಗೆ ಕಟ್ಟಿದ ಶಿಬಿರಗಳಲ್ಲಿ ಒಂದು ಅಂಗವಿಕಲ ಮಕ್ಕಳಿಗೆ ಮೀಸಲಾಯಿತು. ಇನ್ನೊಂದನ್ನು 1942ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತನ್ನ ವಿಶ್ರಾಂತಿಗೆ ಆರಿಸಿಕೊಂಡ. ಇಂದು ಲೋಕಕ್ಕೆಲ್ಲ ಗೊತ್ತಿರುವ ಕ್ಯಾಂಪ್ ಡೇವಿಡ್ ಅದೇ.

ಭಯವೂ ಮಕ್ಕಳನ್ನು ಶಿಬಿರಕ್ಕೆ ಕಳುಹಿಸಿತು. ಪೋಲಿಯೊ ಬೇಸಿಗೆಯಲ್ಲಿ ಹರಡುವ ರೋಗವಾಗಿದ್ದು, 1916ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರವೊಂದರಲ್ಲಿಯೇ 2,000ಕ್ಕೂ ಹೆಚ್ಚು ಮಂದಿ, ಬಹುಪಾಲು ಎಳೆಯ ಮಕ್ಕಳು, ಅದಕ್ಕೆ ಬಲಿಯಾದರು. ಅನುಕೂಲವಿದ್ದವರು ಮಕ್ಕಳನ್ನು ನಗರದಿಂದ ಸಾಗಿಸಲು ಹೆಣಗಿದರೆ, ಸುತ್ತಲಿನ ಊರುಗಳು ಆರೋಗ್ಯದ ಪ್ರಮಾಣಪತ್ರವಿಲ್ಲದ ಮಕ್ಕಳನ್ನು ಒಳಗೆ ಬಿಡಲಿಲ್ಲ. 1955ರಲ್ಲಿ ಸಾಕ್ ಲಸಿಕೆ ಬರುವವರೆಗೂ ಬೇಸಿಗೆಯೆಂದರೆ ತಾಯ್ತಂದೆಯರಿಗೆ ಈ ಆತಂಕ ತಪ್ಪಲಿಲ್ಲ, ಮತ್ತು ದೂರದ ಸರೋವರ ಸುರಕ್ಷಿತವೆಂಬ ನಂಬಿಕೆ ಶಿಬಿರಗಳನ್ನು ತುಂಬಿಸುತ್ತಲೇ ಇತ್ತು. ಎರಡನೆಯ ಮಹಾಯುದ್ಧದ ನಂತರ ಭಾಷೆ ಮತ್ತು ಸಂಪ್ರದಾಯದ ಉಳಿವಿನ ಚಿಂತೆ ಮುಂದೆ ಬಂದಿತು. 1947ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಯಹೂದಿಗಳು ತೆರೆದ ರಾಮಾ ಶಿಬಿರದಲ್ಲಿ ದಿನದ ವ್ಯವಹಾರವೆಲ್ಲ ಹೀಬ್ರೂ ಭಾಷೆಯಲ್ಲಿ ನಡೆಯಬೇಕಿತ್ತು. ಭಾರತದಿಂದ ವಲಸೆ ಹೋದ ಕುಟುಂಬಗಳೂ ಮುಂದೆ ಇದೇ ಹಾದಿಯಲ್ಲಿ ಮಕ್ಕಳಿಗಾಗಿ ಸಂಸ್ಕೃತಿ ಶಿಬಿರಗಳನ್ನು ನಡೆಸತೊಡಗಿದವು.

ಇಷ್ಟೆಲ್ಲ ಬದಲಾದರೂ ಬಹುಕಾಲ ಬದಲಾಗದೆ ಉಳಿದದ್ದು ಹೆತ್ತವರ ಮೌನ. ಮೊದಲ ಕೆಲವು ರಾತ್ರಿ ಮನೆಯ ನೆನಪಿನಿಂದ ಅಳುವ ಮಗುವನ್ನು ಸಂತೈಸುವುದು ಕೌನ್ಸೆಲರ್ ಎಂದು ಕರೆಯಲಾಗುವ, ಬಹುಮಟ್ಟಿಗೆ ಕಾಲೇಜು ವಿದ್ಯಾರ್ಥಿಗಳೇ ಆಗಿರುವ ಮೇಲ್ವಿಚಾರಕರ ಕೆಲಸವಾಗಿತ್ತು. ಮನೆಗೂ ಶಿಬಿರಕ್ಕೂ ನಡುವೆ ಇದ್ದದ್ದು ಅಂಚೆ ಮಾತ್ರ. ಮನೆಗೆ ಬರೆದ ಪತ್ರವನ್ನು ತೋರಿಸಿದರೆ ಮಾತ್ರ ಭಾನುವಾರದ ಊಟಕ್ಕೆ ಪ್ರವೇಶ ಎಂಬ ನಿಯಮ ಅನೇಕ ಶಿಬಿರಗಳಲ್ಲಿತ್ತು. ಆ ಪತ್ರ ಕೈಸೇರುವ ಹೊತ್ತಿಗೆ ಅದರಲ್ಲಿ ತೋಡಿಕೊಂಡ ದುಃಖವನ್ನು ಮಗು ಮರೆತಿರುತ್ತಿತ್ತು, ಮತ್ತು ಆ ವಿಳಂಬವೇ ಇಬ್ಬರನ್ನೂ ಕಾಯುತ್ತಿತ್ತು. ಇಂದು ಹೆಚ್ಚಿನ ಶಿಬಿರಗಳು ಮಕ್ಕಳ ಮೊಬೈಲುಗಳನ್ನು ಬಾಗಿಲಲ್ಲಿಯೇ ತೆಗೆದಿರಿಸಿಕೊಳ್ಳುತ್ತವೆ. ಆದರೆ ಹೆತ್ತವರ ಒತ್ತಾಯಕ್ಕೆ ಮಣಿದು ಪ್ರತಿದಿನ ನೂರಾರು ಚಿತ್ರಗಳನ್ನು ಅವರಿಗೆ ತಲುಪಿಸುತ್ತವೆ. ಎಂಟು ವಾರಗಳ ವಾಸ ಕಡಮೆಯಾಗಿ ಒಂದೆರಡು ವಾರಗಳ ವಾಸ ಹೆಚ್ಚುತ್ತಿರುವ ಈ ಕಾಲದಲ್ಲಿ, ಚಿತ್ರದ ಅಂಚಿನಲ್ಲಿ ನಗದೆ ನಿಂತ ಮಗುವನ್ನು ಕಂಡು ಕಾರಣ ಕೇಳುವ ತಾಯ್ತಂದೆಯರ ಕರೆಗಳಿಗೆ ಉತ್ತರಿಸುವುದು ಶಿಬಿರದ ಕಚೇರಿಗೆ ದಿನನಿತ್ಯದ ಕೆಲಸವಾಗಿದೆ.