ಶಾಲಾ ಚರಿತ್ರೆ (ಮಕ್ಕಳ ಸಂಶೋಧನೆ)

ಊರಿನ ಶಾಲೆ ಯಾವಾಗ, ಎಲ್ಲಿ, ಯಾರ ನೆರವಿನಿಂದ ಆರಂಭವಾಯಿತು, ಯಾವ ಕೇರಿಗಳ ಮಕ್ಕಳು ಅಲ್ಲಿ ಕಲಿತರು ಎಂಬುದನ್ನು ವಿದ್ಯಾರ್ಥಿಗಳೇ ದಾಖಲೆ, ನಕ್ಷೆ ಮತ್ತು ಹಿರಿಯರ ಮಾತುಗಳಿಂದ ಕಂಡುಕೊಳ್ಳುವ ಅಧ್ಯಯನ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಆಶಯಕ್ಕೆ ಇದು ಹೊಂದುತ್ತದೆ.

ಹಿನ್ನೆಲೆ: 1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಆದ್ದರಿಂದ ಹಳೆಯ ಕಡತಗಳ ಭಾಷೆಯೂ ಇರುವ ಜಾಗವೂ ಸೀಮೆಯಿಂದ ಸೀಮೆಗೆ ಬೇರೆ. ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಆರಂಭವಾಯಿತು, ಅದರ ಅಧಿಕಾರಿ ಬಿ. ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಮರಾಠಿ ಪ್ರಬಲವಾಗಿದ್ದ ಧಾರವಾಡ ಸೀಮೆಯಲ್ಲಿ ಶಿಕ್ಷಣಾಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಕರಾವಳಿಯಲ್ಲಿ 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಶಾಲೆಗಳನ್ನು ತೆರೆಯಿತು. ಹೈದರಾಬಾದ್ ಸೀಮೆಯ ಕಡತಗಳು ಉರ್ದುವಿನಲ್ಲಿರಬಹುದು, ಫಸಲಿ ಎಂಬ ಕಂದಾಯ ವರ್ಷವನ್ನು ಹೊತ್ತಿರಬಹುದು. ಅದಕ್ಕೆ 590 ಅಥವಾ 591 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಈ ಎಲ್ಲ ಶಾಲೆಗಳಿಗೂ ಹಿಂದಿನ ಕೂಲಿಮಠಗಳ, ಅಂದರೆ ಸಾಂಪ್ರದಾಯಿಕ ಊರಶಾಲೆಗಳ ಬಗ್ಗೆ ಹೆಚ್ಚಾಗಿ ಬಾಯಿಮಾತೇ ಆಧಾರ.

ದಾಖಲಾತಿ ವಹಿ: ಶಾಲೆಯಲ್ಲೇ ಸಿಗುವ ಮೂಲಾಧಾರಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಮಗುವಿನ ಹೆಸರು, ಹುಟ್ಟಿದ ದಿನ, ಸೇರಿದ ತರಗತಿ, ಹಿಂದಿನ ಶಾಲೆ, ಬಿಟ್ಟ ದಿನ ಮತ್ತು ಕಾರಣ ಸಾಮಾನ್ಯವಾಗಿ ಇದರಲ್ಲಿರುತ್ತವೆ; ಕೆಲವದರಲ್ಲಿ ಪೋಷಕರ ಕಸುಬು, ವಾಸಸ್ಥಳಗಳೂ ಇರುತ್ತವೆ. ಹತ್ತು ವರ್ಷಕ್ಕೊಂದು ಪುಟದಂತೆ ಆರಿಸಿ ಎಣಿಸಿದರೆ, ಹೆಣ್ಣುಮಕ್ಕಳು ಯಾವಾಗ ಬರತೊಡಗಿದರು, ಯಾವ ತರಗತಿಯಲ್ಲಿ ಶಾಲೆ ಬಿಟ್ಟರು, ಬೇಸಾಯದ ಮನೆಗಳು ಯಾವಾಗ ಬೇರೆ ಕಸುಬಿಗೆ ಹೊರಳಿದವು ಎಂಬ ಅಂದಾಜು ಮೂಡುತ್ತದೆ. ಬರಹವನ್ನು ಕಣ್ಣುಮುಚ್ಚಿ ನಂಬಬಾರದು. ಜೂನ್ 1 ಎಂಬ ಜನ್ಮದಿನ ಮತ್ತೆ ಮತ್ತೆ ಕಂಡರೆ, ಅದು ಬಹುಶಃ ಸೇರಿಸುವಾಗ ವಯಸ್ಸು ಹೊಂದಿಸಲು ಬರೆದದ್ದು. ವಹಿಯ ಮೊದಲ ನಮೂದು ಶಾಲೆಯ ಮೊದಲ ದಿನವೆಂದೂ ಹೇಳಲಾಗದು: ಹಳೆಯ ಸಂಪುಟ ಕಳೆದುಹೋಗಿರಬಹುದು. ಗೋಡೆಯ ಶಿಲಾಫಲಕ ಕಟ್ಟಡದ ವರ್ಷವನ್ನಷ್ಟೇ ಹೇಳುತ್ತದೆ. ಅದಕ್ಕೆ ಮೊದಲು ಪಾಠ ಗುಡಿಯ ಜಗಲಿಯಲ್ಲೋ ಚಾವಡಿಯಲ್ಲೋ ನಡೆದಿರಬಹುದು. ಹೀಗೆ ಎರಡು ಆಧಾರಗಳನ್ನು ಎದುರುಬದುರು ಇಟ್ಟು ತೂಗುವುದನ್ನು ಮಗು ಕಲಿಯುವುದೇ ಈ ಅಧ್ಯಯನದ ನಿಜವಾದ ಫಲ.

ಭೂಗೋಳ: ವಾಸಸ್ಥಳಗಳನ್ನು ಗ್ರಾಮನಕ್ಷೆಯ ಮೇಲೆ ಗುರುತಿಸಿದರೆ ಮಕ್ಕಳು ನಡೆದುಬರುತ್ತಿದ್ದ ದಾರಿಗಳು, ಅಡ್ಡ ಬರುತ್ತಿದ್ದ ಹಳ್ಳಗಳು ತಿಳಿಯುತ್ತವೆ. 1:50,000 ಪ್ರಮಾಣದ ಭೂಲಕ್ಷಣ ನಕ್ಷೆಯಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ. ದಾನ ಬಂದ ನಿವೇಶನವಾದರೆ ದಾನಪತ್ರ, ಪಹಣಿಗಳನ್ನು ಹೋಲಿಸಬೇಕು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಿನ ಶಾಲೆಗೆ ಹಳೆಯ, ಹೊಸ ಎರಡೂ ನಕ್ಷೆ ಬೇಕು.

ಎಚ್ಚರಗಳು: ವಹಿಯ ಜಾತಿ ಕಲಮನ್ನೂ ವ್ಯಕ್ತಿಗಳ ಹೆಸರುಗಳನ್ನೂ ಮಕ್ಕಳ ಮುಂದೆ ತೆರೆದಿಡಬಾರದು, ಮುಖ್ಯ ಶಿಕ್ಷಕರು ಅವನ್ನು ಮರೆಮಾಡಿ ಪ್ರತಿ ಕೊಡುವುದು ಸೂಕ್ತ. ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದೇ ಬರೆದುಕೊಳ್ಳಬೇಕು. ಮುಗಿದ ವರದಿಯ ಒಂದು ಪ್ರತಿ ಶಾಲೆಯಲ್ಲೂ ಇನ್ನೊಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ಉಳಿದರೆ, ಮುಂದಿನ ತಂಡ ಅದನ್ನು ಪರಿಶೀಲಿಸಿ ತಿದ್ದಬಹುದು.