ಹಳೇ ಡಿಸ್ಕೋ ಹಾಡಿಗೆ ಹೊಸ ಬೀಟ್: ರೀಮಿಕ್ಸ್ ಯಾಕೆ ಪೊಲೀಸ್ ಠಾಣೆ ಮೆಟ್ಟಿಲೇರುತ್ತೆ?

ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981) ಚಿತ್ರಕ್ಕೆ ಇಳಯರಾಜಾ ಕೊಟ್ಟ ಡಿಸ್ಕೋ ಬೀಟ್ ಇವತ್ತಿಗೂ ಜನರನ್ನು ಕುಣಿಸುತ್ತೆ. ಅದಕ್ಕೆ ಬೇಸ್ ಏರಿಸಿ, ವೇಗ ಹೆಚ್ಚಿಸಿ ರೀಲ್ಸ್‌ಗೆ ಹಾಕೋದು ಲ್ಯಾಪ್‌ಟಾಪ್ ಇದ್ದವರಿಗೆ ಒಂದು ರಾತ್ರಿಯ ಕೆಲಸ. ಆದ್ರೆ ಆ ಹಾಡು ಯಾರದ್ದು?

ಒಂದು ಹಾಡು, ಮೂರು ಹಕ್ಕು

ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ: ಮೂರಕ್ಕೂ ಬೇರೆ ಬೇರೆ ಹಕ್ಕು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತೆ. ಅಂದ್ರೆ 1981ರ ಹಾಡಿಗೆ 2041ರ ಕೊನೆವರೆಗೆ. ಸಾಹಿತ್ಯ ಮತ್ತು ರಾಗದ ಹಕ್ಕು ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುತ್ತೆ.

ಕವರ್ ಬೇರೆ, ರೀಮಿಕ್ಸ್ ಬೇರೆ

ಮೂಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದ ಮೇಲೆ, ರಾಯಧನ ಮುಂಗಡ ಕಟ್ಟಿ ಕವರ್ ಮಾಡಲು 2012ರ ತಿದ್ದುಪಡಿ ದಾರಿ ಕೊಟ್ಟಿದೆ. ಆದ್ರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಹಣ ಕಟ್ಟಬೇಕು, ರಾಗ-ಸಾಹಿತ್ಯ ಬದಲಿಸುವಂತಿಲ್ಲ. ರೀಮಿಕ್ಸ್ ಅಂದ್ರೇನೇ ಬದಲಾವಣೆ, ಹಾಗಾಗಿ ಈ ದಾರಿ ಅದಕ್ಕಿಲ್ಲ. ಮೂಲ ಧ್ವನಿಯ ತುಣುಕು ಬಳಸಿದರೆ ಮುದ್ರಣದ ಒಡೆಯರ ಒಪ್ಪಿಗೆಯೂ ಬೇಕು. ‘ಹತ್ತು ಸೆಕೆಂಡ್ ತನಕ ಓಕೆ’ ಅನ್ನೋ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಯಶವಂತಪುರ ಠಾಣೆಯ ಎರಡು ಪ್ರಕರಣ

‘ಕೆಜಿಎಫ್: ಚಾಪ್ಟರ್ 2’ ಹಾಡುಗಳನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ 2022ರ ನವೆಂಬರ್‌ನಲ್ಲಿ ಎಂಆರ್‌ಟಿ ಮ್ಯೂಸಿಕ್ ಕಾಂಗ್ರೆಸ್ ನಾಯಕರ ವಿರುದ್ಧ ಇಲ್ಲಿ ದೂರು ಕೊಟ್ಟಿತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಪಕ್ಷದ ಟ್ವಿಟರ್ ಖಾತೆಗಳನ್ನು ತಡೆಹಿಡಿಯಲು ಆದೇಶಿಸಿತು. ವಿವಾದಿತ ವಿಡಿಯೋ ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಮರುದಿನವೇ ಆ ಆದೇಶ ರದ್ದು ಮಾಡಿತು. ಎಫ್‌ಐಆರ್ ರದ್ದು ಮಾಡಲು ಮಾತ್ರ 2023ರ ಜೂನ್‌ನಲ್ಲಿ ಒಪ್ಪಲಿಲ್ಲ.

2024ರಲ್ಲಿ ಅದೇ ಕಂಪನಿಯಿಂದ, ಅದೇ ಠಾಣೆಗೆ ಇನ್ನೊಂದು ದೂರು: ‘ಬ್ಯಾಚುಲರ್ ಪಾರ್ಟಿ’ ಚಿತ್ರದಲ್ಲಿ ‘ಗಾಳಿಮಾತು’ (1981), ‘ನ್ಯಾಯ ಎಲ್ಲಿದೆ’ (1982) ಚಿತ್ರಗಳ ಹಾಡುಗಳನ್ನು ಅನುಮತಿ ಇಲ್ಲದೆ ಬಳಸಿದ ಆರೋಪ. ಎರಡೂ ರೀಮಿಕ್ಸ್ ಪ್ರಕರಣಗಳಲ್ಲ. ಆದ್ರೆ ರೀಮಿಕ್ಸ್ ಮಾಡೋರಿಗೆ ಅನ್ವಯವಾಗೋದೂ ಇದೇ ಕಾಯ್ದೆ.

ಪೊಲೀಸರು ಯಾಕೆ?

ಕಾಯ್ದೆಯ ಸೆಕ್ಷನ್ 63ರಡಿ ಬೇಕಂತಲೇ ಮಾಡಿದ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ. ಈ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು, ಇದು ಜಾಮೀನುರಹಿತ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದುಡ್ಡು ಯಾರಿಗೆ?

ಕಂಪನಿಗೆ ಹಕ್ಕು ಬರೆದುಕೊಟ್ಟರೂ, ಸಿನಿಮಾ ಮಂದಿರದ ಆಚೆಗಿನ ಬಳಕೆಯಲ್ಲಿ ಸಾಹಿತಿ ಮತ್ತು ಸಂಗೀತ ನಿರ್ದೇಶಕರಿಗೆ ರಾಯಧನದ ಸಮಪಾಲು ಸಿಗಬೇಕು ಅಂತ 2012ರ ತಿದ್ದುಪಡಿ ಹೇಳುತ್ತೆ. ಅನುಮತಿ ಕೇಳೋದು ಬರೀ ಕಂಪನಿಗೆ ತಲೆಬಾಗೋದಲ್ಲ. ಹಾಡು ಕಟ್ಟಿದವರ ಕೂಲಿಯೂ ಅದರಲ್ಲಿದೆ.

ಆದ್ರೆ ಒಂದು ರಾಷ್ಟ್ರೀಯ ಪಕ್ಷ ಒಂದೇ ದಿನದಲ್ಲಿ ಹೈಕೋರ್ಟ್ ತಲುಪಬಲ್ಲದು. ಯಲಹಂಕದ ರೂಮಲ್ಲಿ ಕೂತು ಬೀಟ್ ಕಟ್ಟೋ ಹುಡುಗಿಗೆ ಆ ವಕೀಲರಿಲ್ಲ. ಬದಲಾವಣೆ ಮಾಡೋ ಕಲೆಗೂ ಕಡಿಮೆ ದರದ, ಸುಲಭದ ಲೈಸೆನ್ಸ್ ಬೇಕು. ಸಣ್ಣ ರೀಮಿಕ್ಸ್‌ಗಳ ಜಗಳ ಸಿವಿಲ್ ಕೋರ್ಟಲ್ಲೇ ಮುಗೀಬೇಕು, ಲಾಕಪ್‌ನಲ್ಲಲ್ಲ.