ರಸ್ತೆಯ ಪರೀಕ್ಷೆ, ಅಂಗಳದ ಪರೀಕ್ಷೆ: ಬೆಂಗಳೂರು ಗ್ರಾಮಾಂತರದ ಲಾರಿ ಚಾಲಕರು ಕಲಿತ ಬಗೆ

1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಳ್ಳುವ ವೇಳೆಗೆ ರಾಜಧಾನಿಯನ್ನು ಹೊರಜಗತ್ತಿಗೆ ಜೋಡಿಸುವ ಮುಖ್ಯ ಲಾರಿ ದಾರಿಗಳು ಅದರ ತಾಲ್ಲೂಕುಗಳನ್ನು ಹಾದುಹೋಗುತ್ತಿದ್ದವು: ಹೈದರಾಬಾದಿನ ಹೆದ್ದಾರಿ ದೇವನಹಳ್ಳಿಯ ಮೂಲಕ, ಮದರಾಸಿನದು ಹೊಸಕೋಟೆಯ ಮೂಲಕ ಸಾಗಿದರೆ, ಪುಣೆ–ಮುಂಬಯಿಯ ದಾರಿಯೂ ಹಾಸನ–ಮಂಗಳೂರಿನ ದಾರಿಯೂ ನೆಲಮಂಗಲದಲ್ಲಿ ಕವಲೊಡೆಯುತ್ತಿದ್ದವು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಗಿ ನಾಲ್ಕೇ ತಾಲ್ಲೂಕುಗಳು ಉಳಿದ ಮೇಲಂತೂ ಗ್ರಾಮಾಂತರವೆಂಬ ಹೆಸರಿನ ಈ ಜಿಲ್ಲೆಯ ಬದುಕಿನಲ್ಲಿ ಸರಕು ಸಾಗಣೆಯ ಪಾಲು ಇನ್ನಷ್ಟು ಎದ್ದುಕಂಡಿತು. ಹೀಗಿದ್ದರೂ ಲಾರಿ ಚಾಲಕನಿಗೆ ಏನು ಗೊತ್ತಿರಬೇಕು ಎಂಬ ಪ್ರಶ್ನೆಯನ್ನು ಕಾನೂನು ಬಹುಕಾಲ ರಸ್ತೆಗಷ್ಟೇ ಸೀಮಿತಗೊಳಿಸಿತು. ಸರಕು ಏರಿಳಿಯುವ ಅಂಗಳದಲ್ಲಿ ಜಾಕಿ, ಹಗ್ಗ, ಕ್ರೇನು, ಕೊಳವೆಗಳ ನಡುವೆ ಅವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಯಾರೂ ಪರೀಕ್ಷಿಸಲಿಲ್ಲ.

ಆ ಅರಿವು ದೊರೆಯುತ್ತಿದ್ದುದು ಕ್ಲೀನರ್ ಕೆಲಸದಿಂದ. ಹದಿಹರೆಯದಲ್ಲಿ ಕ್ಲೀನರಾಗಿ ಲಾರಿ ಹತ್ತಿದ ಹುಡುಗ ಗಾಡಿ ತೊಳೆಯುವುದು, ಸ್ಟೆಪ್ನಿ ಬದಲಿಸುವುದು, ಇಳಿಜಾರಿನಲ್ಲಿ ನಿಂತ ಗಾಡಿಯ ಗಾಲಿಗೆ ಕಲ್ಲು ಕೊಡುವುದು, ಲೋಡಿನ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ಹಿಂದಕ್ಕೆ ಬರುವ ಗಾಡಿಗೆ ಕೂಗಿ ದಾರಿ ತೋರಿಸುವುದು ಇವೆಲ್ಲವನ್ನೂ ಹಿರಿಯ ಚಾಲಕನ ಕೈಕೆಳಗೆ ವರ್ಷಗಟ್ಟಲೆ ಮಾಡಿ, ಖಾಲಿ ರಸ್ತೆಯಲ್ಲಿ ಸ್ಟೇರಿಂಗು ಹಿಡಿಯುವ ಅವಕಾಶ ಗಳಿಸಿಕೊಂಡು, ಕೊನೆಗೆ ಪರವಾನಗಿಗೆ ಹೋಗುತ್ತಿದ್ದನು. ಇದನ್ನು ಕೀಳಾಗಿ ಕಾಣುವುದು ಸರಿಯಲ್ಲ, ಏಕೆಂದರೆ ಅಂಗಳದ ಅಪಾಯಗಳನ್ನು ಕಲಿಸುತ್ತಿದ್ದ ಏಕೈಕ ಪಾಠಶಾಲೆ ಅದೇ ಆಗಿತ್ತು. ಆದರೆ ಗುರುವಿಗೆ ಗೊತ್ತಿಲ್ಲದ್ದು ಶಿಷ್ಯನಿಗೆ ದಾಟುವಂತಿರಲಿಲ್ಲ, ಗುರುವಿನ ತಪ್ಪು ರೂಢಿಗಳಂತೂ ಹಾಗೆಯೇ ದಾಟುತ್ತಿದ್ದವು.

ಕಾನೂನಿನ ಕಡೆಯಿಂದ ನೋಡಿದರೆ ಚಾಲಕ ಹಲವು ಕಾಯ್ದೆಗಳ ನಡುವೆ ಹಂಚಿಹೋಗಿದ್ದನು. 1939ರ ಮೋಟಾರು ವಾಹನ ಕಾಯ್ದೆ ಮತ್ತು 1963ರ ಮೈಸೂರು ಮೋಟಾರು ವಾಹನ ನಿಯಮಗಳು ಅವನನ್ನು ರಸ್ತೆಯ ಮೇಲೆ ಕಂಡವು. 1948ರ ಕಾರ್ಖಾನೆ ಕಾಯ್ದೆಯು ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಸಮರ್ಥ ವ್ಯಕ್ತಿಯಿಂದ ತಪಾಸಣೆ ಮಾಡಿಸಬೇಕೆಂದು ವಿಧಿಸಿತಾದರೂ, ಆ ಕ್ರೇನಿನ ಕೆಳಗೆ ಲಾರಿ ತಂದು ನಿಲ್ಲಿಸುವ ಚಾಲಕ ಸಾಮಾನ್ಯವಾಗಿ ಆ ಕಾರ್ಖಾನೆಯ ಕಾರ್ಮಿಕನಾಗಿರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸದ ಅವಧಿ, ವಿಶ್ರಾಂತಿ, ರಜೆಗಳನ್ನು ನಿಗದಿಪಡಿಸಿತು. ಆದರೆ ಅದು ಐದು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಒಂದೆರಡು ಲಾರಿಗಳ ಮಾಲೀಕರ ಬಳಿ ದುಡಿಯುವವರು ಅದರ ಆಚೆಗೇ ಉಳಿದರು.

ಈ ಸ್ಥಿತಿಯನ್ನು ಕದಲಿಸಿದ್ದು 1984ರ ಡಿಸೆಂಬರಿನ ಭೋಪಾಲ ದುರಂತ. ಅದರ ಹಿನ್ನೆಲೆಯಲ್ಲಿ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದುಪಡಿಯಾಯಿತು. 1989ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಮೋಟಾರು ವಾಹನ ಕಾಯ್ದೆ ಮತ್ತು ಕೇಂದ್ರ ಮೋಟಾರು ವಾಹನ ನಿಯಮಗಳು ಅಪಾಯಕಾರಿ ಸರಕನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಿದವು. ಈ ನಿಯಮಗಳ 9ನೆಯ ನಿಯಮದಂತೆ, ಅದರಲ್ಲೂ 1993ರ ತಿದ್ದುಪಡಿಯ ನಂತರ, ಇಂಥ ಸರಕು ಒಯ್ಯುವ ಚಾಲಕನಿಗೆ ಸಾರಿಗೆ ವಾಹನದ ಪರವಾನಗಿ ಇದ್ದರಷ್ಟೇ ಸಾಲದು: ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು, ಮತ್ತು ಸುರಕ್ಷಿತ ಚಾಲನೆ, ಸರಕಿನ ಗುಣಲಕ್ಷಣ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆಗಳನ್ನೊಳಗೊಂಡ ಮೂರು ದಿನಗಳ ತರಬೇತಿಯಲ್ಲಿ ತೇರ್ಗಡೆಯಾಗಿರಬೇಕು. ಈ ಪರವಾನಗಿಯ ಅವಧಿ ಒಂದೇ ವರ್ಷವಾಗಿದ್ದು, ನವೀಕರಣಕ್ಕೆ ಮುನ್ನ ಒಂದು ದಿನದ ಪುನರ್ಮನನ ತರಬೇತಿ ಕಡ್ಡಾಯವಾಗಿತ್ತು. ಕ್ಲೀನರ್ ಕೆಲಸದಿಂದ ಮೇಲೆ ಬಂದ ಎಷ್ಟೋ ಚಾಲಕರಿಗೆ ಅಕ್ಷರದ ಷರತ್ತು ಕಠಿಣವಾಗಿದ್ದುದು ನಿಜ. ಆದರೆ ಸೋರಿಕೆಯ ಹೊತ್ತಿನಲ್ಲಿ ನೋಡಬೇಕಾದ ಟ್ರೆಮ್ ಕಾರ್ಡನ್ನು, ಅಂದರೆ ಸರಕಿನ ಅಪಾಯವನ್ನೂ ತುರ್ತಾಗಿ ಮಾಡಬೇಕಾದುದನ್ನೂ ಬರೆದು ಚಾಲಕನ ಕ್ಯಾಬಿನ್ನಿನಲ್ಲಿ ಇಟ್ಟಿರುವ ಹಾಳೆಯನ್ನು, ಓದಲಾಗದವನಿಗೆ ಅದು ಬರಿಯ ಕಾಗದವಾಗುತ್ತದೆ ಎಂಬುದೂ ಅಷ್ಟೇ ನಿಜ.

ಈ ನಿಯಮದ ಪರಿಣಾಮವನ್ನು ಜಿಲ್ಲೆಯಲ್ಲಿ ಸ್ಪಷ್ಟವಾಗಿ ಕಾಣಬಹುದಾದ ಸ್ಥಳ ಹೊಸಕೋಟೆ ತಾಲ್ಲೂಕಿನ ದೇವನಗೊಂದಿ. ರೈಲು ನಿಲ್ದಾಣವಿರುವ ಈ ಊರಿನ ಬಳಿ ತೈಲ ಕಂಪನಿಗಳ ಸಂಗ್ರಹಾಗಾರಗಳು ನೆಲೆಯೂರಿದವು. ಮಂಗಳೂರಿನಿಂದ ಹಾಸನದ ಮೂಲಕ ಬರುವ ಸುಮಾರು 360 ಕಿ.ಮೀ. ಉದ್ದದ ಪೆಟ್ರೋಲಿಯಂ ಕೊಳವೆ ಮಾರ್ಗ 2003ರಲ್ಲಿ ಇಲ್ಲಿಗೆ ತಲುಪಿದ ಮೇಲೆ ಬೆಂಗಳೂರಿನ ಬಂಕುಗಳಿಗೆ ಹೋಗುವ ಟ್ಯಾಂಕರುಗಳಿಗೆ ಇದು ದೊಡ್ಡ ತಾಣವಾಯಿತು. ಇಂಥ ಅಂಗಳದಲ್ಲಿ ಚಾಲಕನ ಕೆಲಸ ಗೇಟಿನಲ್ಲೇ ಆರಂಭವಾಗುತ್ತದೆ: ಬೀಡಿ, ಬೆಂಕಿಪೊಟ್ಟಣ, ಮೊಬೈಲುಗಳನ್ನು ಹೊರಗೇ ಬಿಡಬೇಕು, ಹೊಗೆಕೊಳವೆಯ ಕಿಡಿ ಹೊರಬೀಳದಂತೆ ತಡೆಯುವ ಸ್ಪಾರ್ಕ್ ಅರೆಸ್ಟರನ್ನೂ ಅಗ್ನಿಶಾಮಕಗಳನ್ನೂ ತೋರಿಸಬೇಕು. ಬಳಿಕ ಗ್ಯಾಂಟ್ರಿಯ, ಅಂದರೆ ಟ್ಯಾಂಕರಿಗೆ ಇಂಧನ ತುಂಬುವ ಎತ್ತರದ ಕಟ್ಟೆಯ, ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಗಾಲಿಗೆ ತಡೆ ಕೊಟ್ಟು, ಅರ್ಥಿಂಗ್ ತಂತಿಯ ಕ್ಲಿಪ್ಪನ್ನು ಟ್ಯಾಂಕಿಗೆ ಸಿಕ್ಕಿಸಬೇಕು. ಪೆಟ್ರೋಲು ಕೊಳವೆಯಲ್ಲಿ ರಭಸದಿಂದ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಈ ತಂತಿಯ ಮೂಲಕ ನೆಲಕ್ಕಿಳಿಯದಿದ್ದರೆ, ಟ್ಯಾಂಕಿನ ಬಾಯಲ್ಲಿ ತುಂಬಿರುವ ಆವಿಗೆ ಒಂದು ಕಿಡಿಯೇ ಸಾಕು. ಟ್ಯಾಂಕರಿನ ಮೈಮೇಲಿನ ಫಲಕದಲ್ಲಿ ಪೆಟ್ರೋಲಿಗೆ 1203, ಅಡುಗೆ ಅನಿಲಕ್ಕೆ 1075 ಎಂಬ ವಿಶ್ವಸಂಸ್ಥೆಯ ಸಂಖ್ಯೆಗಳು ಇರುವುದು, ಎಲ್ಲಿ ಉರುಳಿದರೂ ಒಳಗೇನಿದೆಯೆಂದು ಅಗ್ನಿಶಾಮಕ ಸಿಬ್ಬಂದಿಗೆ ದೂರದಿಂದಲೇ ತಿಳಿಯಲೆಂದು.

ತರಬೇತಿಯೊಂದರಿಂದಲೇ ಅಪಾಯ ನೀಗುವುದಿಲ್ಲ. 2013ರ ಏಪ್ರಿಲ್ 9ರಂದು ಮಂಗಳೂರು–ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರು ಉರುಳಿ ಹೊತ್ತಿಕೊಂಡಾಗ ರಸ್ತೆ ಬದಿಯ ಮನೆಗಳವರೂ ಸತ್ತರು. 2016ರಲ್ಲಿ ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಸೋಲೂರಿಗೆ ಅನಿಲದ ಕೊಳವೆ ಮಾರ್ಗ ಬಂದದ್ದು, ಚಾಲಕನ ಎಚ್ಚರದ ಮೇಲಷ್ಟೇ ಭಾರ ಹಾಕದೆ ಅಪಾಯವನ್ನೇ ರಸ್ತೆಯಿಂದ ಕೆಳಗಿಳಿಸುವ ಕ್ರಮವಾಗಿ ಹೆಚ್ಚು ಮಹತ್ವದ್ದು.

ಟ್ಯಾಂಕರಿನ ಹೊರಗೆ ಕಲಿಕೆಯ ಹೊಣೆ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಯಿತು. 1998ರಲ್ಲಿ ಹೊಸಕೋಟೆಯಲ್ಲಿ ಲಾರಿ ಕಾರ್ಖಾನೆ ತೆರೆದ ವೋಲ್ವೊ ತನ್ನ ಗಾಡಿಗಳನ್ನು ಓಡಿಸುವವರಿಗೆ ತಾನೇ ತರಬೇತಿ ಕೊಡುವ ಪದ್ಧತಿಯನ್ನು ತಂದಿತು; ಅದು ಗಾಡಿಯನ್ನು ಕುರಿತ ತರಬೇತಿಯೇ ಹೊರತು ಅಂಗಳವನ್ನು ಕುರಿತದ್ದಲ್ಲ. ಅಷ್ಟರಲ್ಲಿ ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಗಳ ಸುತ್ತ ದೊಡ್ಡ ಗೋದಾಮುಗಳು ಎದ್ದು, ಫೋರ್ಕ್‌ಲಿಫ್ಟು, ಅಂದರೆ ಎರಡು ಕಬ್ಬಿಣದ ತೋಳುಗಳಿಂದ ಸರಕೆತ್ತುವ ಗಾಡಿ, ಹಮಾಲರ ಜೊತೆಗೆ ಓಡಾಡತೊಡಗಿತು. ಅದರ ದಾರಿಯಲ್ಲಿ ಎಲ್ಲಿ ನಿಲ್ಲಬಾರದೆಂದು ಲಾರಿ ಚಾಲಕನಿಗೆ ಹೇಳುವ ಕೆಲಸ ಆಯಾ ಗೋದಾಮಿನ ಮೇಲ್ವಿಚಾರಕನ ಪಾಲಿಗೆ ಬಂತು.

2019ರಲ್ಲಿ ಎರಡು ಬದಲಾವಣೆಗಳಾದವು: ಸಾರಿಗೆ ವಾಹನದ ಚಾಲಕನಿಗಿದ್ದ ಎಂಟನೆಯ ತರಗತಿಯ ಷರತ್ತು ಹೋಯಿತು, ಅಪಾಯಕಾರಿ ಸರಕಿನ ಪರವಾನಗಿಯ ಅವಧಿ ಒಂದರಿಂದ ಮೂರು ವರ್ಷಕ್ಕೇರಿತು. ಮೊದಲನೆಯದು ನ್ಯಾಯವಾದದ್ದು, ಎರಡನೆಯದರ ಬಗ್ಗೆ ಹಾಗೆ ಹೇಳುವುದು ಕಷ್ಟ. 2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯೂ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ವೃತ್ತಿ ಸುರಕ್ಷತೆಯ ಒಂದೇ ಸಂಹಿತೆಯಲ್ಲಿ ಸೇರಿಕೊಂಡಿವೆ. ಪರವಾನಗಿ ಪರೀಕ್ಷೆ ಮಾತ್ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮಕ್ಕೆ ಸೇರಿದ್ದು. ಅದು ಕನ್ನಡಿ, ಗೇರು, ಬ್ರೇಕು, ಸಂಜ್ಞೆಗಳನ್ನು ಪರೀಕ್ಷಿಸುತ್ತದೆಯೇ ಹೊರತು ಸರಕು ಏರಿಳಿಯುವ ಅಂಗಳದ ಬಗ್ಗೆ ಏನನ್ನೂ ಕೇಳುವುದಿಲ್ಲ.